ಜೇಕಬ್ ಯೆರುಶಾಲ್ಮಿ

ಜೇಕಬ್ ಯೆರುಶಾಲ್ಮಿ (1904–1973) ಅಮೆರಿಕದ ಜೀವಸಂಖ್ಯಾಶಾಸ್ತ್ರಜ್ಞರು. ಒಂದೇ ಕ್ಷ-ಕಿರಣ ಚಿತ್ರವನ್ನು ನೋಡಿದ ನುರಿತ ವೈದ್ಯರು ಎಷ್ಟರ ಮಟ್ಟಿಗೆ ಬೇರೆ ಬೇರೆ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನು ಎಣಿಕೆಯಿಂದ ತೋರಿಸಿಕೊಟ್ಟ ಮೊದಲಿಗರಲ್ಲಿ ಇವರೂ ಒಬ್ಬರು. ಕ್ಷಯರೋಗದ ಚಿತ್ರಗಳನ್ನು ಕುರಿತು ಇವರು ಎತ್ತಿದ ಪ್ರಶ್ನೆಯೇ ಇಂದು ಸಿ.ಟಿ. ಸ್ಕ್ಯಾನ್‌ಗಳಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಅಳೆಯುವಾಗಲೂ ಎದುರಾಗುತ್ತದೆ.

ಶಿಕ್ಷಣ ಮತ್ತು ವೃತ್ತಿ

ಯೆರುಶಾಲ್ಮಿಯವರು ವೈದ್ಯರಲ್ಲ, ಗಣಿತವನ್ನು ಅಭ್ಯಾಸ ಮಾಡಿದವರು. 1930ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಸಾರ್ವಜನಿಕ ಆರೋಗ್ಯದ ಅಂಕಿಅಂಶಗಳತ್ತ ತಿರುಗಿ, ನವಜಾತ ಶಿಶುಗಳ ಮರಣವನ್ನು ಕುರಿತು ಅಧ್ಯಯನ ನಡೆಸಿದರು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಕೆಲಸ ಮಾಡಿದ ಬಳಿಕ, 1940ರ ದಶಕದ ಕೊನೆಯ ಭಾಗದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಜೀವಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

1947ರ ಅಧ್ಯಯನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಷಯರೋಗವನ್ನು ಪತ್ತೆಹಚ್ಚಲು ಜನರ ಎದೆಯ ಕ್ಷ-ಕಿರಣ ಚಿತ್ರಗಳನ್ನು ಸಾಮೂಹಿಕವಾಗಿ ತೆಗೆಯಲಾಗುತ್ತಿತ್ತು. ದೊಡ್ಡ ಫಿಲ್ಮಿಗೆ ವೆಚ್ಚ ಹೆಚ್ಚು. ಚಿಕ್ಕ ಫಿಲ್ಮು ಅಗ್ಗ. ಚಿಕ್ಕದರಲ್ಲಿ ರೋಗ ಕಾಣದೆ ಹೋಗುವುದೇ ಎಂದು ಪರೀಕ್ಷಿಸಲು 1,256 ಮಂದಿಯ ಎದೆಯನ್ನು ನಾಲ್ಕು ವಿಧಾನಗಳಲ್ಲಿ ಚಿತ್ರಿಸಿ, ಐವರು ತಜ್ಞರಿಂದ ಪ್ರತ್ಯೇಕವಾಗಿ ಓದಿಸಲಾಯಿತು. ಈ ಅಧ್ಯಯನ ತಂಡದಲ್ಲಿ ಯೆರುಶಾಲ್ಮಿಯವರೂ ಇದ್ದರು.

1947ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ನಿರೀಕ್ಷಿಸದಂಥದ್ದಾಗಿತ್ತು. ನಾಲ್ಕು ವಿಧಾನಗಳ ನಡುವಿನ ವ್ಯತ್ಯಾಸಕ್ಕಿಂತ ಓದುಗರ ನಡುವಿನ ವ್ಯತ್ಯಾಸವೇ ಹೆಚ್ಚಾಗಿತ್ತು. ಅಷ್ಟೇ ಅಲ್ಲ, ಒಬ್ಬರೇ ತಜ್ಞರು ಅದೇ ಚಿತ್ರಗಳನ್ನು ಕೆಲಕಾಲದ ನಂತರ ಮತ್ತೆ ಓದಿದಾಗ ತಮ್ಮ ಹಿಂದಿನ ತೀರ್ಮಾನವನ್ನು ತಾವೇ ಬದಲಿಸಿದ್ದೂ ಕಂಡುಬಂದಿತು. ಪರೀಕ್ಷೆಗೆ ಒಳಪಡಬೇಕಾದದ್ದು ಯಂತ್ರ ಮಾತ್ರವಲ್ಲ, ಅದರ ಹಿಂದಿರುವ ಕಣ್ಣು ಸಹ ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ ಯೆರುಶಾಲ್ಮಿಯವರು ಸಂವೇದನಶೀಲತೆ ಮತ್ತು ನಿರ್ದಿಷ್ಟತೆ ಎಂಬ ಎರಡು ಅಳತೆಗಳನ್ನು ಬಳಸಿದರು. ರೋಗವಿರುವವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಸರಿಯಾಗಿ ಗುರುತಿಸುತ್ತದೆ ಎಂಬುದು ಮೊದಲನೆಯದು. ರೋಗವಿಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂಬುದು ಎರಡನೆಯದು. ಇಂದು ಯಾವುದೇ ರೋಗಪರೀಕ್ಷೆಯನ್ನು ಬೆಲೆಕಟ್ಟುವಾಗ ಈ ಎರಡನ್ನೂ ನೋಡಲಾಗುತ್ತದೆ.

ಕಾಲಾನುಕ್ರಮದ ಚಿತ್ರಗಳು

ಒಬ್ಬ ರೋಗಿಯ ಎರಡು ಕಾಲದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ರೋಗ ಇಳಿದಿದೆಯೇ, ಹಾಗೆಯೇ ಇದೆಯೇ, ಹೆಚ್ಚಿದೆಯೇ ಎಂದು ಹೇಳುವ ಕೆಲಸವನ್ನೂ ಇವರು ಪರೀಕ್ಷೆಗೆ ಒಳಪಡಿಸಿದರು. ವಿಕಿರಣಶಾಸ್ತ್ರಜ್ಞ ಎಲ್. ಹೆನ್ರಿ ಗಾರ್ಲೆಂಡ್ ಮೊದಲಾದವರ ಜೊತೆ ನಡೆಸಿದ ಈ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಇಬ್ಬರು ಓದುಗರ ನಡುವೆ ಸುಮಾರು ಮೂರರಲ್ಲಿ ಒಂದು ಸಲ, ಒಬ್ಬನೇ ಓದುಗನ ಎರಡು ಓದುಗಳ ನಡುವೆ ಸುಮಾರು ಐದರಲ್ಲಿ ಒಂದು ಸಲ ಭಿನ್ನತೆ ಕಂಡಿತು. ಇದಕ್ಕೆ ಪರಿಹಾರವಾಗಿ ಇಬ್ಬರು ಸ್ವತಂತ್ರವಾಗಿ ಓದುವ ಜೋಡಿ ಓದಿನ ಪದ್ಧತಿಯನ್ನು ಇವರು ಪ್ರತಿಪಾದಿಸಿದರು.

ಕರ್ನಾಟಕದೊಡನೆ ಸಂಬಂಧ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಈ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿಯೂ ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿಯೂ ನಡೆಸಿದ ಸಮೀಕ್ಷೆಗಳಲ್ಲಿ ಎದೆಯ ಚಿಕ್ಕ ಚಿತ್ರಗಳನ್ನು ಇಬ್ಬರು ಓದುಗರು ಪ್ರತ್ಯೇಕವಾಗಿ ಓದುತ್ತಿದ್ದರು. ಒಂದೇ ಚಿತ್ರವನ್ನು ನಂಬಿ ತೀರ್ಮಾನಿಸುವುದರ ಮಿತಿಗಳನ್ನು ಕುರಿತು ಸಂಸ್ಥೆಯ ಸಂಶೋಧಕರು 1962ರಲ್ಲಿ ಲೇಖನವನ್ನು ಪ್ರಕಟಿಸಿದರು. ಯೆರುಶಾಲ್ಮಿಯವರು ಎತ್ತಿದ ಪ್ರಶ್ನೆ ಹೀಗೆ ಕನ್ನಡನಾಡಿನ ಹಳ್ಳಿಗಳವರೆಗೂ ಬಂದಿತ್ತು.

ನಂತರದ ಜೀವನ ಮತ್ತು ಟೀಕೆ

1957ರಲ್ಲಿ ಹರ್ಮನ್ ಹಿಲೆಬೋ ಅವರೊಡನೆ ಬರೆದ ಲೇಖನದಲ್ಲಿ, ಆಹಾರದ ಕೊಬ್ಬು ಮತ್ತು ಹೃದ್ರೋಗದ ಸಂಬಂಧವನ್ನು ಆರು ದೇಶಗಳ ಅಂಕಿಅಂಶಗಳಿಂದ ತೋರಿಸಿದ್ದ ಆನ್ಸೆಲ್ ಕೀಸ್ ಅವರ ವಾದವನ್ನು 22 ದೇಶಗಳ ಅಂಕಿಅಂಶಗಳೊಡನೆ ವಿಮರ್ಶಿಸಿದರು. 1959ರಲ್ಲಿ ಆರಂಭವಾದ, ತಾಯಂದಿರು ಮತ್ತು ಮಕ್ಕಳ ಬೆಳವಣಿಗೆಯ ಬೃಹತ್ ಅಧ್ಯಯನವೊಂದರ ನೇತೃತ್ವವನ್ನೂ ವಹಿಸಿದ್ದರು.

ಧೂಮಪಾನ ಮಾಡುವ ತಾಯಂದಿರ ಕಡಿಮೆ ತೂಕದ ಶಿಶುಗಳು, ಧೂಮಪಾನ ಮಾಡದವರ ಅಷ್ಟೇ ಕಡಿಮೆ ತೂಕದ ಶಿಶುಗಳಿಗಿಂತ ಹೆಚ್ಚಾಗಿ ಬದುಕುಳಿಯುತ್ತವೆ ಎಂಬ ವಿರೋಧಾಭಾಸವನ್ನು ಇವರು ಈ ಅಧ್ಯಯನದಲ್ಲಿ ಗುರುತಿಸಿದರು. ಇದರ ಆಧಾರದ ಮೇಲೆ, ಶಿಶುವಿನ ತೂಕ ಇಳಿಯಲು ಧೂಮಪಾನವೇ ಕಾರಣವೇ ಎಂದು ಸಂಶಯಿಸಿದರು. ಆ ಸಂಶಯ ಮುಂದೆ ನಿಲ್ಲಲಿಲ್ಲ. ಗರ್ಭಿಣಿಯ ಧೂಮಪಾನ ಶಿಶುವಿಗೆ ಹಾನಿಕರವೆಂಬುದು ಈಗ ಸ್ಥಾಪಿತವಾಗಿದೆ. ಧೂಮಪಾನ ಮಾಡದವರಲ್ಲಿ ತೂಕ ಇಳಿಯಲು ಹೆಚ್ಚು ಗಂಭೀರವಾದ ಇತರ ಕಾರಣಗಳು ಇರಬಹುದಾದ್ದರಿಂದ ಈ ಹೋಲಿಕೆ ದಾರಿ ತಪ್ಪಿಸುತ್ತದೆ ಎಂದು ನಂತರದ ವಿದ್ವಾಂಸರು ವಿವರಿಸಿದ್ದಾರೆ. ಇತರರ ಓದಿನ ದೋಷವನ್ನು ತೋರಿಸಿಕೊಟ್ಟವರೂ ತಮ್ಮ ಅಂಕಿಗಳನ್ನು ಓದುವಲ್ಲಿ ಎಡವಬಹುದು ಎಂಬುದಕ್ಕೆ ಇದು ನಿದರ್ಶನ. ಯೆರುಶಾಲ್ಮಿಯವರು 1973ರಲ್ಲಿ ನಿಧನರಾದರು.

ಗಡ್ಡೆಗಳ ಅಳತೆಯಲ್ಲಿ ಪ್ರಸ್ತುತತೆ

ಕ್ಯಾನ್ಸರ್ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಗಡ್ಡೆಗಳ ವ್ಯಾಸವನ್ನು ಸ್ಕ್ಯಾನ್‌ಗಳಲ್ಲಿ ಅಳೆಯಲಾಗುತ್ತದೆ. ಇದಕ್ಕಾಗಿ 2000ದಲ್ಲಿ ರೂಪಿಸಿ 2009ರಲ್ಲಿ ಪರಿಷ್ಕರಿಸಿದ ರೆಸಿಸ್ಟ್ ಮಾನದಂಡದ ಪ್ರಕಾರ ಗರಿಷ್ಠ ಐದು ಗಡ್ಡೆಗಳನ್ನು ಆರಿಸಿ ವ್ಯಾಸಗಳನ್ನು ಕೂಡಿಸಬೇಕು. ಮೊತ್ತ ಆರಂಭಕ್ಕಿಂತ ಶೇ. 30ರಷ್ಟು ಇಳಿದರೆ ಭಾಗಶಃ ಗುಣ; ಅತಿ ಕಡಿಮೆ ಇದ್ದ ಮೊತ್ತಕ್ಕಿಂತ ಶೇ. 20ರಷ್ಟು, ಕನಿಷ್ಠ 5 ಮಿ.ಮೀ. ಏರಿದರೆ ರೋಗದ ಉಲ್ಬಣ ಎಂದು ಎಣಿಕೆ.

ಒಂದೇ ಗಡ್ಡೆ ಇದ್ದು, ಅದರ ಹಿಂದಿನ ಅಳತೆ 30 ಮಿ.ಮೀ. ಎಂದುಕೊಳ್ಳೋಣ. ಹೊಸ ಸ್ಕ್ಯಾನಿನಲ್ಲಿ ಒಬ್ಬ ವಿಕಿರಣಶಾಸ್ತ್ರಜ್ಞರು 34 ಎಂದೂ ಇನ್ನೊಬ್ಬರು 37 ಎಂದೂ ಅಳೆದರೆ, ಮೊದಲನೆಯವರ ಪ್ರಕಾರ ರೋಗ ಸ್ಥಿರ, ಎರಡನೆಯವರ ಪ್ರಕಾರ ಉಲ್ಬಣ. ಮೂರು ಮಿ.ಮೀ. ಅಂತರದಿಂದ ರೋಗಿಯ ಔಷಧವೇ ಬದಲಾಗಬಹುದು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐವರು ವಿಕಿರಣಶಾಸ್ತ್ರಜ್ಞರು ಶ್ವಾಸಕೋಶದ 40 ಗಡ್ಡೆಗಳನ್ನು ಎರಡೆರಡು ಬಾರಿ ಅಳೆದರು. ಚಿತ್ರಗಳು ಅವೇ ಆಗಿದ್ದರೂ, ಅಳೆಯುವವರು ಬದಲಾದಾಗ ಸರಾಸರಿ ಸುಮಾರು ಶೇ. 30ರಷ್ಟು, ಒಬ್ಬರೇ ಮತ್ತೆ ಅಳೆದಾಗ ಸುಮಾರು ಶೇ. 10ರಷ್ಟು ಗಡ್ಡೆಗಳು ಬೆಳೆದಂತೆ ಎಣಿಕೆಯಾದವು.

ಗಡ್ಡೆಯ ಅಂಚು ಸ್ಪಷ್ಟವಾಗಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ಅರಕೆರೆಯಂಥ ಊರಿನಲ್ಲಿ ಬದು ಇರುವ ಗದ್ದೆಯನ್ನು ಯಾರು ಅಳೆದರೂ ಲೆಕ್ಕ ಹೆಚ್ಚುಕಡಿಮೆ ಒಂದೇ ಬರುತ್ತದೆ; ಕೆರೆಯ ನೀರು ಎಲ್ಲಿ ಮುಗಿದು ಕೆಸರು ಎಲ್ಲಿ ಆರಂಭವಾಯಿತೆಂಬುದನ್ನು ಇಬ್ಬರು ಒಂದೇ ರೀತಿ ಹೇಳಲಾರರು. ಆದ್ದರಿಂದ ಒಬ್ಬ ರೋಗಿಯ ಎಲ್ಲ ಸ್ಕ್ಯಾನ್‌ಗಳನ್ನು ಸಾಧ್ಯವಾದಷ್ಟು ಒಬ್ಬರೇ ಅಳೆಯುವುದು, ಹಳೆಯ ಚಿತ್ರಗಳನ್ನು ಜೊತೆಗಿಟ್ಟು ನೋಡುವುದು ಉತ್ತಮವೆಂದು ಭಾವಿಸಲಾಗಿದೆ. ಔಷಧ ಪ್ರಯೋಗಗಳಲ್ಲಿ ಇಬ್ಬರು ಸ್ವತಂತ್ರವಾಗಿ ಓದಿ, ಭಿನ್ನತೆ ಬಂದಾಗ ಮೂರನೆಯವರು ತೀರ್ಮಾನಿಸುವ ಕ್ರಮವೂ ರೂಢಿಯಲ್ಲಿದೆ. ಯೆರುಶಾಲ್ಮಿಯವರು ಪ್ರತಿಪಾದಿಸಿದ ಜೋಡಿ ಓದು ಈ ರೂಪದಲ್ಲಿ ಇಂದಿಗೂ ಉಳಿದುಕೊಂಡಿದೆ.