ಸಭೆಯನ್ನು ನಂಬಿದ ನಟಿ ಲೂಸಿಲ್ ಬಾಲ್

ನಾಟಕವನ್ನೋ ಪ್ರಹಸನವನ್ನೋ ನೋಡಿಬಂದವರು ಮನೆಯ ದಾರಿ ಹಿಡಿಯುವಷ್ಟರಲ್ಲಿಯೇ ಅದರ ಗುಣದೋಷಗಳನ್ನು ಕುರಿತು ಮಾತಿಗೆ ತೊಡಗುವುದು ಎಲ್ಲ ದೇಶಗಳಲ್ಲಿಯೂ ಇರುವ ರೂಢಿ. ಒಬ್ಬನಿಗೆ ಕಣ್ಣೀರು ತರಿಸಿದ ನಾಟಕವೇ ಶ್ರೇಷ್ಠ. ಇನ್ನೊಬ್ಬನಿಗೆ ಹೊಟ್ಟೆ ಹುಣ್ಣಾಗುವಂತೆ ನಗಿಸಿದುದೇ ಶ್ರೇಷ್ಠ. ಟೆಲಿವಿಷನ್ ಬಂದ ಮೇಲೆ ಈ ಚರ್ಚೆ ನಾಟಕಶಾಲೆಯ ಬಾಗಿಲನ್ನು ಬಿಟ್ಟು ಗೃಹಸ್ಥರ ನಡುಮನೆಯನ್ನು ಹೊಕ್ಕಿತು. ಆದರೆ ಇದರಲ್ಲಿ ಕೊನೆಯ ತೀರ್ಪನ್ನು ಹೇಳತಕ್ಕವರು ಯಾರು? ವಿದ್ಯೆ ಕಲಿಸುವ ಗುರುಗಳೇ, ಹಣ ಹೂಡುವ ಧನಿಕರೇ, ಅಥವಾ ಎದುರಿಗೆ ಕುಳಿತು ನೋಡುವ ಜನರೇ? ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿವರಿಸುವಾಗ ಗುಣದೋಷಗಳನ್ನು ತೂಗುವ ಪ್ರಾಶ್ನಿಕರನ್ನು ಮರೆತಿಲ್ಲ. ಆದರೂ ಸಭಿಕರ ಮುಗುಳ್ನಗೆ, ಅರೆನಗೆ, ಗಹಗಹಿಸುವ ನಗೆಗಳನ್ನೇ ಮಾನುಷೀ ಸಿದ್ಧಿಯ ಕುರುಹುಗಳಲ್ಲಿ ಮೊದಲಾಗಿ ಎಣಿಸಿದ್ದಾನೆ. ಆ ಶಾಸ್ತ್ರಕ್ಕೆ ಬಹುದೂರವಾದ ನಾಡಿನಲ್ಲಿ ಹುಟ್ಟಿ, ಅದೇ ತತ್ತ್ವವನ್ನು ಬಾಳಿನ ಉದ್ದಕ್ಕೂ ನಂಬಿ ನಡೆದವಳು ಅಮೆರಿಕದ ಹಾಸ್ಯಾಭಿನೇತ್ರಿ ಲೂಸಿಲ್ ಬಾಲ್. ಆ ನಂಬಿಕೆಯಿಂದ ಆಕೆ ಪಡೆದುದೆಷ್ಟು, ತೆತ್ತ ಬೆಲೆಯೆಷ್ಟು ಎಂಬುದೇ ಆಕೆಯ ಜೀವನಕಥೆ.

ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಸಣ್ಣ ಪಟ್ಟಣದಲ್ಲಿ ೧೯೧೧ನೆಯ ಆಗಸ್ಟ್ ೬ರಂದು ಆಕೆಯ ಜನನ. ತಂದೆ ಹೆನ್ರಿ ಬಾಲ್ ದೂರವಾಣಿಯ ತಂತಿಗಳನ್ನು ಎಳೆಯುವ ಕೆಲಸಗಾರ. ಮಗಳಿಗೆ ಇನ್ನೂ ನಾಲ್ಕು ತುಂಬುವ ಮೊದಲೇ, ೧೯೧೫ರಲ್ಲಿ, ವಿಷಮಶೀತಜ್ವರ ಆತನನ್ನು ಕೊಂಡೊಯ್ದಿತು. ಆಗ ತಾಯಿ ಗರ್ಭವತಿ. ಮಕ್ಕಳಿಬ್ಬರೂ ಬೆಳೆದುದು ಬಹುಮಟ್ಟಿಗೆ ನೆರೆಯ ಸೆಲೊರಾನ್ ಎಂಬ ಊರಿನಲ್ಲಿ, ತಾಯಿಯ ತಂದೆಯಾದ ಫ್ರೆಡ್ ಹಂಟನ ಆಶ್ರಯದಲ್ಲಿ. ಶ್ರಮಜೀವಿಗಳ ಪಕ್ಷಪಾತಿಯಾದ ಈ ಅಜ್ಜನಿಗೆ ನಾಟಕದ ಹುಚ್ಚು. ಹಾಡು, ಕುಣಿತ, ವಿದೂಷಕರ ಚೇಷ್ಟೆ ಎಲ್ಲವೂ ಕೂಡಿದ ವಾಡೆವಿಲ್ ಎಂಬ ವಿನೋದ ಪ್ರದರ್ಶನಗಳಿಗೆ ಮೊಮ್ಮಕ್ಕಳನ್ನು ಕರೆದೊಯ್ಯುತ್ತಿದ್ದ. ಒಬ್ಬ ಮನುಷ್ಯ ಬರಿಯ ಮುಖಚರ್ಯೆಯಿಂದ ನೂರಾರು ಮಂದಿಯನ್ನು ನಗಿಸಬಲ್ಲನೆಂಬ ವಿಸ್ಮಯ ಆ ಹುಡುಗಿಯ ಮನಸ್ಸಿನಲ್ಲಿ ನೆಟ್ಟದ್ದು ಅಲ್ಲಿಯೇ.

ಹದಿನೈದರ ವಯಸ್ಸಿನಲ್ಲಿ ಆಕೆ ನ್ಯೂಯಾರ್ಕ್ ನಗರದ ಒಂದು ನಾಟ್ಯಶಾಲೆಯನ್ನು ಸೇರಿದಳು. ಮುಂದೆ ಗಂಭೀರ ಪಾತ್ರಗಳಿಗೆ ಜಗತ್ಪ್ರಸಿದ್ಧಳಾದ ಬೆಟ್ಟಿ ಡೇವಿಸ್ ಆಗ ಅಲ್ಲಿಯ ಮುಂಚೂಣಿಯ ವಿದ್ಯಾರ್ಥಿನಿ. ಹಳ್ಳಿಯಿಂದ ಬಂದ ಲೂಸಿಲ್ ನಾಚಿಕೆಯಿಂದ ಬಾಯಿಬಿಡಲಾರದೆ ಹೋದಳು. ಈ ಹುಡುಗಿಯಲ್ಲಿ ಪ್ರತಿಭೆಯಿಲ್ಲ, ಹಣ ವ್ಯರ್ಥವೆಂದು ಶಾಲೆಯವರು ತಾಯಿಗೆ ತಿಳಿಸಿದರು. ಇದು ಆಕೆಯ ವಿಷಯದಲ್ಲಿ ತಜ್ಞರು ಕೊಟ್ಟ ಮೊದಲ ತೀರ್ಪು. ಊರಿಗೆ ಮರಳಿದ ಮೇಲೆ ಬೇರೊಂದು ದುರ್ದೈವ ಕಾದಿತ್ತು. ೧೯೨೭ರಲ್ಲಿ ಮನೆಯ ಹಿತ್ತಿಲಿನಲ್ಲಿ ಮಕ್ಕಳು ಬಂದೂಕಿನ ಗುರಿ ಕಲಿಯುತ್ತಿದ್ದಾಗ ಗುಂಡು ತಗುಲಿ ನೆರೆಯ ಬಾಲಕನೊಬ್ಬ ಜೀವಾವಧಿ ಅಂಗಹೀನನಾದ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಅಜ್ಜ ಮನೆಯನ್ನು ಕಳೆದುಕೊಂಡ. ಕುಟುಂಬ ಚೆದರಿತು. ತನ್ನವರೆಲ್ಲರನ್ನೂ ಮತ್ತೆ ಒಂದೇ ಸೂರಿನಡಿ ಸೇರಿಸಬೇಕೆಂಬ ಹಂಬಲ ಆಕೆಯಲ್ಲಿ ಗಟ್ಟಿಯಾದುದು ಅಂದಿನಿಂದ. ಹಾಲಿವುಡ್ಡಿನಲ್ಲಿ ನೆಲೆಯೂರಿದ ಬಳಿಕ ತಾಯಿ, ತಮ್ಮ, ಅಜ್ಜಂದಿರನ್ನು ಕರೆಸಿಕೊಂಡು ಅದನ್ನು ಈಡೇರಿಸಿಕೊಂಡಳು.

ಹಾಲಿವುಡ್ಡಿನ ದಾರಿಯೇನೂ ಸುಗಮವಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ವಸ್ತ್ರವ್ಯಾಪಾರಿಗಳ ಹೊಸ ಉಡುಪುಗಳನ್ನು ತೊಟ್ಟು ತೋರಿಸುವ ಉದ್ಯೋಗ, ನಡುವೆ ದೀರ್ಘವಾದ ಅನಾರೋಗ್ಯ, ಬಳಿಕ ೧೯೩೩ರಲ್ಲಿ ‘ರೋಮನ್ ಸ್ಕ್ಯಾಂಡಲ್ಸ್’ ಚಿತ್ರದ ನರ್ತಕಿಯರ ಗುಂಪಿನಲ್ಲಿ ಒಂದು ಸ್ಥಾನ. ಮುಂದಿನ ಹದಿನೈದು ವರ್ಷಗಳಲ್ಲಿ ಆಕೆ ಅಭಿನಯಿಸಿದ ಚಿತ್ರಗಳು ಹತ್ತಾರು. ಆದರೆ ಅವುಗಳಲ್ಲಿ ಬಹುಪಾಲು ಮುಖ್ಯಚಿತ್ರದ ಜೊತೆಗೆ ತುಂಬುವಣೆಗಾಗಿ ತೋರಿಸುವ ಅಗ್ಗದ ಚಿತ್ರಗಳು. ಆ ಬಗೆಯ ಚಿತ್ರಗಳ ರಾಣಿಯೆಂದು ಆಕೆಯನ್ನು ಅರ್ಧ ಹೊಗಳಿಕೆಯಿಂದಲೂ ಅರ್ಧ ಮರುಕದಿಂದಲೂ ಕರೆಯುತ್ತಿದ್ದರು. ಶೋಕರಸವೂ ಆಕೆಗೆ ಅಸಾಧ್ಯವಾಗಿರಲಿಲ್ಲವೆಂಬುದಕ್ಕೆ ೧೯೪೨ರ ‘ದಿ ಬಿಗ್ ಸ್ಟ್ರೀಟ್’ ಸಾಕ್ಷಿ. ಅದರಲ್ಲಿ ಕಾಲುಗಳ ಸ್ವಾಧೀನ ತಪ್ಪಿದ, ಅಹಂಕಾರಿಯಾದ ಗಾಯಕಿಯೊಬ್ಬಳ ಕಹಿಯನ್ನು ಆಕೆ ಕನಿಕರಕ್ಕೆ ಕೈಚಾಚದೆ ಅಭಿನಯಿಸಿದಳು. ಎಂ.ಜಿ.ಎಂ. ಸಂಸ್ಥೆಗೆ ಹೋದಾಗ ಅಲ್ಲಿಯವರು ಆಕೆಯ ಕೂದಲಿಗೆ ಕೆಂಪು ಬಣ್ಣವನ್ನು ಕೊಟ್ಟರು. ಅದಕ್ಕಿಂತ ದೊಡ್ಡ ಲಾಭ ಮೂಕಚಿತ್ರಯುಗದ ಮಹಾ ವಿದೂಷಕ ಬಸ್ಟರ್ ಕೀಟನ್‌ನ ಪರಿಚಯ. ಕೀರ್ತಿಯಿಳಿದು ಅದೇ ಸಂಸ್ಥೆಯಲ್ಲಿ ಸಣ್ಣ ಕೆಲಸಕ್ಕಿದ್ದ ಆತ ಒಂದು ಕುರ್ಚಿ, ಒಂದು ಟೋಪಿ, ಒಂದು ಬಾಗಿಲು ಹೇಗೆ ನಟನ ಜೊತೆಗಾರನಾಗಬಲ್ಲದೆಂಬುದನ್ನು ಆಕೆಗೆ ಹೇಳಿಕೊಟ್ಟ.

೧೯೪೦ರಲ್ಲಿ ಆಕೆ ಕ್ಯೂಬಾದಿಂದ ಬಂದ ಗಾಯಕ ಡೆಸಿ ಆರ್ನಾಜ್‌ನನ್ನು ಮದುವೆಯಾದಳು. ಆತ ವಾದ್ಯತಂಡದೊಡನೆ ಊರೂರು ತಿರುಗುವವನು. ಆಕೆ ಚಿತ್ರಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವವಳು. ಅಗಲಿಕೆಯೂ ಆತನ ಚಪಲತೆಯೂ ಕೂಡಿ ಸಂಸಾರ ಮೊದಲಿನಿಂದಲೂ ಓಲಾಡುತ್ತಿತ್ತು. ೧೯೪೮ರಲ್ಲಿ ಆರಂಭವಾದ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ರೇಡಿಯೋ ವಿನೋದಮಾಲೆಯಲ್ಲಿ ಆಕೆಯ ಪಾತ್ರ ಜನಪ್ರಿಯವಾಗಲು ಸಿ.ಬಿ.ಎಸ್. ಸಂಸ್ಥೆ ಅದನ್ನು ಟೆಲಿವಿಷನ್ನಿಗೆ ತರಲು ಬಯಸಿತು. ಗಂಡನ ಪಾತ್ರಕ್ಕೆ ತನ್ನ ಗಂಡನೇ ಬೇಕೆಂದು ಲೂಸಿಲ್ ಹಟ ಹಿಡಿದಳು. ಒಟ್ಟಿಗೆ ಕೆಲಸ ಮಾಡಿದರೆ ಮನೆ ಉಳಿದೀತೆಂಬುದು ಆಕೆಯ ಆಸೆ. ಅಮೆರಿಕದ ಕೆಂಗೂದಲಿನ ಹೆಣ್ಣಿಗೆ ಸ್ಪ್ಯಾನಿಷ್ ಉಚ್ಚಾರಣೆಯ ಗಂಡನನ್ನು ಜನ ಒಪ್ಪಲಾರರೆಂಬುದು ಅಧಿಕಾರಿಗಳ ವಾದ.

ಆಗ ಆಕೆ ಮಾಡಿದ ಕೆಲಸ ಗಮನಾರ್ಹವಾದುದು. ಅಧಿಕಾರಿಗಳೊಡನೆ ವಾದವನ್ನು ಬೆಳೆಸದೆ, ಜನರ ಹೆಸರಿನಲ್ಲಿ ಹೇಳಿದ ತೀರ್ಪನ್ನು ಜನರ ಮುಂದೆಯೇ ಪರೀಕ್ಷಿಸಲು ಹೊರಟಳು. ೧೯೫೦ರ ಬೇಸಗೆಯಲ್ಲಿ ದಂಪತಿಗಳು ಒಂದು ವಿನೋದ ಪ್ರದರ್ಶನವನ್ನು ಸಿದ್ಧಪಡಿಸಿಕೊಂಡು ನಗರದಿಂದ ನಗರಕ್ಕೆ ಸಂಚರಿಸಿದರು. ಆತ ಹಾಡುತ್ತಿದ್ದ, ಆಕೆ ಜೋಲುವ ಅಂಗಿ ತೊಟ್ಟು, ತನಗಿಂತ ದೊಡ್ಡದಾದ ಚೆಲ್ಲೋ ವಾದ್ಯವನ್ನು ಎಳೆದುಕೊಂಡು ಬಂದು ವಾದ್ಯಗೋಷ್ಠಿಯನ್ನು ಕೆಡಿಸುತ್ತಿದ್ದಳು. ಸಭೆಗಳು ನಕ್ಕವು, ನಡುವೆ ಉಚ್ಚಾರಣೆಯ ಪ್ರಶ್ನೆಯೇ ಏಳಲಿಲ್ಲ. ಸಂಸ್ಥೆ ಮಣಿಯಿತು.

ಪ್ರಾಯೋಜಕರಿಗೆ ಬೇಕಾಗಿದ್ದುದು ನ್ಯೂಯಾರ್ಕಿನಿಂದ ನೇರ ಪ್ರಸಾರ. ದಂಪತಿಗಳಿಗೆ ಕ್ಯಾಲಿಫೋರ್ನಿಯವನ್ನು ಬಿಡಲು ಮನಸ್ಸಿಲ್ಲ. ಪಶ್ಚಿಮತೀರದಲ್ಲಿ ಆಡಿದ ಆಟವನ್ನು ಟೆಲಿವಿಷನ್ ತೆರೆಯಿಂದ ಚಿತ್ರೀಕರಿಸಿ ಕಳುಹಿಸಿದರೆ ಪೂರ್ವದ ಮನೆಗಳಲ್ಲಿ ಅದು ಮಸಕಾಗಿ ಕಾಣುತ್ತಿತ್ತು. ಆದುದರಿಂದ ಸಿನಿಮಾದಂತೆಯೇ ೩೫ ಮಿಲಿಮೀಟರಿನ ಫಿಲ್ಮಿನಲ್ಲಿ, ಮೂರು ಕ್ಯಾಮರಾಗಳಿಂದ ಏಕಕಾಲಕ್ಕೆ ಚಿತ್ರೀಕರಿಸುವುದೆಂದು ನಿಶ್ಚಯವಾಯಿತು. ಆದರೆ ಲೂಸಿಲ್‌ಳ ಕಲೆ ಅರಳುವುದು ಎದುರಿಗೆ ಜನರಿದ್ದರೆ ಮಾತ್ರ. ಅದಕ್ಕಾಗಿ ಚಿತ್ರಶಾಲೆಯೊಳಗೆ ಸುಮಾರು ೩೦೦ ಆಸನಗಳನ್ನು ಹಾಕಿಸಿ, ಬೀದಿಯಿಂದ ಒಳಬರಲು ಬಾಗಿಲನ್ನು ತೆರೆಸಿದರು. ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಚಿತ್ರಕ್ಕೆ ಛಾಯಾಗ್ರಾಹಕನಾಗಿದ್ದ ಕಾರ್ಲ್ ಫ್ರಾಯಂಡ್ ಮೂರು ಕ್ಯಾಮರಾಗಳಿಗೂ ಒಮ್ಮೆಗೇ ಹೊಂದುವಂತೆ ದೀಪಗಳನ್ನು ಮೇಲಿನಿಂದ ಅಳವಡಿಸಿದ. ಹೆಚ್ಚಿನ ವೆಚ್ಚದ ಒಂದು ಪಾಲನ್ನು ದಂಪತಿಗಳು ತಮ್ಮ ಸಂಭಾವನೆಯಲ್ಲಿ ಬಿಟ್ಟುಕೊಟ್ಟರು; ಪ್ರತಿಯಾಗಿ ಆ ಫಿಲ್ಮುಗಳ ಒಡೆತನವನ್ನು ಕೇಳಿದರು. ಒಮ್ಮೆ ತೋರಿಸಿದ ವಿನೋದವನ್ನು ಮತ್ತೆ ಯಾರು ನೋಡುತ್ತಾರೆಂದು ಎಣಿಸಿದ ಸಂಸ್ಥೆ ಒಪ್ಪಿತು. ಅದೇ ಫಿಲ್ಮುಗಳನ್ನು ೧೯೫೦ರ ದಶಕ ಮುಗಿಯುವ ಮೊದಲೇ ಹಲವು ದಶಲಕ್ಷ ಡಾಲರುಗಳಿಗೆ ಅದು ಮರಳಿ ಕೊಳ್ಳಬೇಕಾಯಿತು.

‘ಐ ಲವ್ ಲೂಸಿ’ ೧೯೫೧ನೆಯ ಅಕ್ಟೋಬರ್ ೧೫ರ ಸೋಮವಾರ ಮೊದಲ ಬಾರಿಗೆ ಪ್ರಸಾರವಾಯಿತು. ರಂಗದಲ್ಲಿ ಮೆರೆಯಬೇಕೆಂಬ ಆಸೆಯನ್ನು ಬಿಡಲಾರದ ಗೃಹಿಣಿ, ಬೇಡವೆನ್ನುವ ಸಂಗೀತಗಾರ ಗಂಡ, ಮನೆಯ ಒಡೆಯರಾದ ಮುದಿ ದಂಪತಿಗಳು, ಇಷ್ಟೇ ಅದರ ಬಂಡವಾಳ. ಚಾಕೊಲೆಟ್ ಕಾರ್ಖಾನೆಯ ಪ್ರಸಂಗವನ್ನು ನೋಡಿದವರು ಮರೆಯಲಾರರು. ಚಲಿಸುವ ಪಟ್ಟಿಯ ಮೇಲೆ ಸಾಗಿಬರುವ ಮಿಠಾಯಿಗಳಿಗೆ ಲೂಸಿಯೂ ಆಕೆಯ ಗೆಳತಿಯೂ ಕಾಗದ ಸುತ್ತಬೇಕು. ಪಟ್ಟಿಯ ವೇಗ ಹೆಚ್ಚುತ್ತದೆ; ಕೈ ಸಾಲದೆ ಬಾಯಿಗೆ, ಬಾಯಿ ಸಾಲದೆ ಟೋಪಿಗೆ, ಕೊನೆಗೆ ಕುಪ್ಪಸಕ್ಕೆ ಮಿಠಾಯಿಗಳು ಸೇರುತ್ತವೆ. ಮೇಲ್ವಿಚಾರಕಿ ಬಂದು ಕೆಲಸ ಚೆನ್ನಾಗಿದೆಯೆಂದು ಮೆಚ್ಚಿ ಪಟ್ಟಿಯನ್ನು ಇನ್ನೂ ವೇಗವಾಗಿ ಓಡಿಸುತ್ತಾಳೆ. ನಗೆಯ ಅಡಿಯಲ್ಲಿ ದುಡಿಮೆಗಾರರ ದುಗುಡವೊಂದು ಇಲ್ಲಿ ಹುದುಗಿದೆ. ನೋಡುವವರಿಗೆ ಆ ಕ್ಷಣದ ಚೇಷ್ಟೆಯೆಂದು ತೋರುವ ಇಂಥ ಪ್ರತಿಯೊಂದು ಚಲನೆಯನ್ನೂ ಆಕೆ ತಾಲೀಮಿನಲ್ಲಿ ಗಡಿಯಾರ ಕಟ್ಟುವವನ ತಾಳ್ಮೆಯಿಂದ ಸಿದ್ಧಪಡಿಸಿಕೊಳ್ಳುತ್ತಿದ್ದಳು. ಸಭೆಯಲ್ಲಿ ಸಾಮಾನ್ಯವಾಗಿ ಆಕೆಯ ತಾಯಿಯೂ ಇರುತ್ತಿದ್ದಳು. ಮಗಳು ಪೇಚಿಗೆ ಸಿಕ್ಕುವ ಸೂಚನೆ ಕಂಡೊಡನೆ ಆ ತಾಯಿ ತೆಗೆಯುವ ಉದ್ಗಾರ ಇಂದಿಗೂ ಆ ಧ್ವನಿಮುದ್ರಣಗಳಲ್ಲಿ ಕೇಳಿಸುತ್ತದೆ. ಪ್ರತಿಭೆಯಿಲ್ಲವೆಂಬ ವರದಿಯನ್ನು ಕೇಳಿದ್ದ ತಾಯಿ ಆಕೆಯೇ.

ಸೋಮವಾರದ ರಾತ್ರಿ ಗಿರಾಕಿಗಳು ಬಾರದುದನ್ನು ಕಂಡು ಚಿಕಾಗೋ ನಗರದ ಹೆಸರಾಂತ ಮಳಿಗೆಯೊಂದು ತನ್ನ ಸಂಜೆಯ ವ್ಯಾಪಾರವನ್ನು ಗುರುವಾರಕ್ಕೆ ಬದಲಿಸಿತು. ೧೯೫೨ರಲ್ಲಿ ಲೂಸಿಲ್ ಮತ್ತೆ ಗರ್ಭಿಣಿಯಾದಾಗ ಅದನ್ನು ಕಥೆಯಲ್ಲಿ ತರಕೂಡದೆಂದು ಹಣ ಕೊಡುವವರು ಅಂಜಿದರು. ಬಸಿರೆಂಬ ನೇರವಾದ ಶಬ್ದವನ್ನು ಬಿಟ್ಟು, ಕ್ರೈಸ್ತ ಮತ್ತು ಯೆಹೂದಿ ಧರ್ಮಗುರುಗಳಿಗೆ ಬರಹವನ್ನು ತೋರಿಸಿ ಒಪ್ಪಿಗೆ ಪಡೆದು ಆ ಪ್ರಸಂಗಗಳನ್ನು ನಿರ್ಮಿಸಿದರು. ೧೯೫೩ನೆಯ ಜನವರಿ ೧೯ರಂದು ಕಥೆಯ ಲೂಸಿಗೂ ನಿಜವಾದ ಲೂಸಿಲ್‌ಗೂ ಒಂದೇ ದಿನ ಗಂಡುಮಗು ಹುಟ್ಟಿತು. ಅಂದು ಆ ಕಥೆಯನ್ನು ನೋಡಿದವರು ಸುಮಾರು ೪ ಕೋಟಿ ೪೦ ಲಕ್ಷ ಜನ. ಮರುದಿನ ಅಧ್ಯಕ್ಷ ಐಸೆನ್‌ಹೋವರರ ಪದಗ್ರಹಣವನ್ನು ನೋಡಿದವರು ಸುಮಾರು ೨ ಕೋಟಿ ೯೦ ಲಕ್ಷ.

ಇಷ್ಟು ಎತ್ತರಕ್ಕೇರಿದವಳನ್ನು ಅದೇ ವರ್ಷ ಒಂದು ಹಳೆಯ ಕಾಗದ ಪಾತಾಳಕ್ಕೆ ನೂಕುವಂತಿತ್ತು. ೧೯೩೬ರಲ್ಲಿ ಅಜ್ಜನ ಮನಸ್ಸನ್ನು ನೋಯಿಸಲಾರದೆ ಆಕೆ ಕಮ್ಯೂನಿಸ್ಟ್ ಪಕ್ಷದ ಮತದಾರಳೆಂದು ಹೆಸರು ಬರೆಸಿದ್ದಳು. ಅಂಥದೊಂದು ಶಂಕೆಯಿಂದಲೇ ಆ ಕಾಲದಲ್ಲಿ ಎಷ್ಟೋ ಬರಹಗಾರರೂ ನಟರೂ ಅನ್ನ ಕಳೆದುಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಸುದ್ದಿ ಬಯಲಾದ ವಾರವೇ ಹೊಸ ಕಂತಿನ ಚಿತ್ರೀಕರಣ. ಸಭೆಯ ಮುಂದೆ ಡೆಸಿ ನಿಂತು ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ. ನಡುಗುತ್ತ ಒಳಗೆ ಬಂದ ಹೆಂಡತಿಯನ್ನು ಸಭೆ ಎದ್ದು ನಿಂತು ಕರತಾಡನದಿಂದ ಸ್ವಾಗತಿಸಿತು. ವಿಚಾರಣೆಯ ಸಮಿತಿಯೂ ಆಕೆಯನ್ನು ದೋಷಿಯೆನ್ನಲಿಲ್ಲ. ಆದರೂ ಆಕೆಯಷ್ಟು ಜನಪ್ರಿಯರಲ್ಲದ ಅನೇಕರಿಗೆ ಈ ಭಾಗ್ಯ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು. ಜನರ ಪ್ರೀತಿ ಬಲವಾದ ಆಸರೆ. ಆದರೆ ಅದು ಎಲ್ಲರಿಗೂ ಸಮನಾಗಿ ದೊರೆಯುವ ನ್ಯಾಯವಲ್ಲ.

ಯಾವುದನ್ನು ಉಳಿಸಿಕೊಳ್ಳಲೆಂದು ಈ ಸಾಹಸ ಆರಂಭವಾಯಿತೋ ಅದು ಉಳಿಯಲಿಲ್ಲ. ದಂಪತಿಗಳ ಡೆಸಿಲು ಸಂಸ್ಥೆ ಬೆಳೆದು, ಹಿಂದೆ ಆಕೆ ಸಂಬಳಕ್ಕಿದ್ದ ಆರ್.ಕೆ.ಓ. ಚಿತ್ರಶಾಲೆಯನ್ನೇ ೧೯೫೭ರಲ್ಲಿ ಕೊಂಡಿತು. ಅತ್ತ ಮನೆಯೊಳಗೆ ಮದ್ಯವೂ ಮನಸ್ತಾಪವೂ ಬೆಳೆದವು. ೧೯೬೦ನೆಯ ಮಾರ್ಚ್ ತಿಂಗಳಿನಲ್ಲಿ ಕೊನೆಯ ಜಂಟಿ ಪ್ರಸಂಗದ ಚಿತ್ರೀಕರಣ ಮುಗಿದ ಮರುದಿನವೇ ಆಕೆ ವಿವಾಹವಿಚ್ಛೇದನೆಗೆ ಅರ್ಜಿ ಸಲ್ಲಿಸಿದಳು. ದೇಶವೇ ನಕ್ಕು ಮೆಚ್ಚಿದ ಸಂಸಾರ ಸಭೆಯ ಎದುರಿನಲ್ಲಿ ಮಾತ್ರ ಸಂಸಾರವಾಗಿ ಉಳಿದಿತ್ತು. ೧೯೬೨ರಲ್ಲಿ ಡೆಸಿಯ ಪಾಲನ್ನು ತಾನೇ ಕೊಂಡು ಆಕೆ ಸಂಸ್ಥೆಯ ಅಧ್ಯಕ್ಷೆಯಾದಳು. ಅಂಥ ದೊಡ್ಡ ಚಿತ್ರಸಂಸ್ಥೆಯನ್ನು ಹೆಣ್ಣೊಬ್ಬಳು ನಡೆಸಿದುದು ಹಾಲಿವುಡ್ಡಿಗೆ ಹೊಸದು. ವೆಚ್ಚಕ್ಕೆ ಹೆದರಿದ ಆಡಳಿತಮಂಡಲಿಯ ಮಾತನ್ನು ಮೀರಿ ಆಕೆ ಬೆಂಬಲಿಸಿದುದರಿಂದಲೇ ‘ಸ್ಟಾರ್ ಟ್ರೆಕ್’ ೧೯೬೬ರಲ್ಲಿ ಬೆಳಕು ಕಂಡಿತು. ಮರುವರ್ಷ ಸಂಸ್ಥೆಯನ್ನು ೧ ಕೋಟಿ ೭೦ ಲಕ್ಷ ಡಾಲರುಗಳಿಗೆ ಮಾರಿದಳು. ನಟಿಯಾಗಿ ಮಾತ್ರ ೧೯೭೪ರವರೆಗೂ ವಾರವಾರವೂ ಬೇರೆ ಬೇರೆ ಹೆಸರಿನ ಮಾಲೆಗಳಲ್ಲಿ ಅದೇ ಲೂಸಿಯಾಗಿ ಮನೆಮನೆಗೆ ಬರುತ್ತಿದ್ದಳು.

ಇಳಿವಯಸ್ಸಿನಲ್ಲಿ, ೧೯೮೫ರ ‘ಸ್ಟೋನ್ ಪಿಲೋ’ ಎಂಬ ಟೆಲಿವಿಷನ್ ಚಿತ್ರದಲ್ಲಿ, ಬೀದಿಯಲ್ಲಿ ಮಲಗುವ ಅನಾಥ ಮುದುಕಿಯಾಗಿ ಗಂಭೀರ ಪಾತ್ರವೊಂದನ್ನು ಅಭಿನಯಿಸಿದಳು. ಮರುವರ್ಷ ಎಪ್ಪತ್ತೈದರ ಹೊಸ್ತಿಲಲ್ಲಿ ಮತ್ತೆ ಹಾಸ್ಯಕ್ಕೆ ಮರಳಿದಳು. ಹಳೆಯ ಬರಹಗಾರರೇ ಇದ್ದರು, ಹಳೆಯ ಚೇಷ್ಟೆಗಳೇ ಇದ್ದವು. ಆದರೆ ಅಜ್ಜಿಯಾದವಳು ಏಣಿಯಿಂದ ಜಾರಿದರೆ ಜನರಿಗೆ ನಗೆಯ ಬದಲು ಅಂಜಿಕೆ ಹುಟ್ಟುತ್ತಿತ್ತು. ‘ಲೈಫ್ ವಿತ್ ಲೂಸಿ’ ಎಂಟು ಕಂತುಗಳಿಗೇ ನಿಂತಿತು. ಗುರುಗಳೂ ಅಧಿಕಾರಿಗಳೂ ತನ್ನನ್ನು ತಳ್ಳಿದಾಗ ಎದೆಗುಂದದವಳು ಈ ಬಾರಿ ಕುಸಿದಳು. ಏಕೆಂದರೆ ಈ ತೀರ್ಪನ್ನು ಕೊಟ್ಟುದು ಆಕೆ ಜೀವಮಾನವೆಲ್ಲ ನಂಬಿದ್ದ ನ್ಯಾಯಾಸನ. ಅದಾದ ಕೆಲವೇ ವಾರಗಳಲ್ಲಿ ಡೆಸಿಯೂ ತೀರಿಕೊಂಡ.

ಆದರೆ ಒಂದು ಆಟವನ್ನು ಒಲ್ಲೆನೆಂದ ಜನ ನಟಿಯನ್ನು ಒಲ್ಲೆನೆಂದಿರಲಿಲ್ಲ. ೧೯೮೯ನೆಯ ಮಾರ್ಚ್ ೨೯ರಂದು ಆಸ್ಕರ್ ಪಾರಿತೋಷಕಗಳ ಸಮಾರಂಭದಲ್ಲಿ ಹಾಸ್ಯನಟ ಬಾಬ್ ಹೋಪ್‌ನೊಡನೆ ಆಕೆ ವೇದಿಕೆಗೆ ಬಂದಾಗ ಸಭೆಗೆ ಸಭೆಯೇ ಎದ್ದು ನಿಂತಿತು. ನಾಲ್ಕು ವಾರಗಳ ಬಳಿಕ, ಏಪ್ರಿಲ್ ೨೬ರಂದು, ಹೃದಯದ ಮಹಾಧಮನಿಯ ಬೇನೆಯಿಂದ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ ಆಕೆಯ ಆಯುಷ್ಯ ಮುಗಿಯಿತು.

ಬಹುಕಾಲದ ಮೇಲೆ ಸೆಲೊರಾನಿನವರು ತಮ್ಮೂರಿನ ಮಗಳ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದರ ಮುಖ ಬೆಚ್ಚಿಬೀಳಿಸುವಂತಿದೆಯೆಂದು ಜನ ದೂರಿದರು. ಚರ್ಚೆ ಊರನ್ನು ದಾಟಿ ಲೋಕಕ್ಕೆಲ್ಲ ಹಬ್ಬಿ, ಕೊನೆಗೆ ೨೦೧೬ರಲ್ಲಿ ಆಕೆಯ ಜನ್ಮದಿನದಂದು ಬೇರೊಂದು ಪ್ರತಿಮೆ ಬಂದಿತು. ಸತ್ತ ಮೇಲೆಯೂ ಆಕೆಯ ಮುಖ ಹೇಗಿರಬೇಕೆಂದು ನಿರ್ಧರಿಸಿದವರು ನೋಡುವ ಜನರೇ. ತನ್ನ ಕಲೆಯನ್ನು ಅವರ ಕೈಗೆ ಒಪ್ಪಿಸಿ ಬಾಳಿದವಳಿಗೆ ಇದಕ್ಕಿಂತ ಸಲ್ಲುವ ಸ್ಮಾರಕ ಯಾವುದು?