ಜೈನ ಮುನಿಗಳು ಬೋಧಿಸಿದ ವ್ರತ, ಲಂಡನ್ನಿನಲ್ಲಿ ಸಿಕ್ಕ ಊಟ

ಮೋಹನದಾಸ ಕರಮಚಂದ ಗಾಂಧಿಯವರು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಲಂಡನ್ನಿನ ಹಡಗು ಹತ್ತಿದಾಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಬ್ಯಾರಿಸ್ಟರ್ ಓದಿಗೆ ಹೊರಟ ಮಗನನ್ನು ಕಳಿಸಲು ತಾಯಿ ಪುತಲೀಬಾಯಿಯವರಿಗೆ ಮನಸ್ಸಿರಲಿಲ್ಲ. ಅಲ್ಲಿಗೆ ಹೋದವರು ಮಾಂಸ ಮದ್ಯಕ್ಕೆ ಬೀಳುತ್ತಾರೆಂದು ಯಾರೋ ಹೇಳಿದ್ದರು. ಆ ತಾಯಿ ವೈಷ್ಣವ ಮನೆತನದವರು, ಆದರೆ ವ್ರತನಿಷ್ಠೆಯಲ್ಲಿ ನಮ್ಮ ಶ್ರಾವಿಕೆಯರಿಗೆ ಏನೂ ಕಡಿಮೆಯಿರಲಿಲ್ಲ. ಒಂದು ಚಾತುರ್ಮಾಸದಲ್ಲಿ ಸೂರ್ಯನ ದರ್ಶನವಾಗದೆ ಊಟ ಮಾಡುವುದಿಲ್ಲವೆಂದು ವ್ರತ ಹಿಡಿದಿದ್ದರು. ಮಳೆಗಾಲದ ಮೋಡದ ನಡುವೆ ಸೂರ್ಯ ಕಂಡನೆಂದು ಮಕ್ಕಳು ಕೂಗಿ, ಅವರು ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾದರೆ, ಬೇಸರವಿಲ್ಲದೆ ಒಳಗೆ ಹೋಗಿ ಕೆಲಸ ಮುಂದುವರಿಸುತ್ತಿದ್ದರು.

ಮನೆಗೆ ಹಿತೈಷಿಗಳಾಗಿದ್ದ ಬೇಚರಜಿ ಸ್ವಾಮಿಯವರ ಸಲಹೆಯನ್ನು ತಾಯಿ ಕೇಳಿದರು. ಬೇಚರಜಿಯವರು ಹುಟ್ಟಿನಿಂದ ಗಾಂಧಿಯವರಂತೆಯೇ ಮೋಢ ವಣಿಕರು. ನಂತರ ದೀಕ್ಷೆ ಪಡೆದು ಜೈನ ಮುನಿಗಳಾಗಿದ್ದರು. ಅವರು ಹುಡುಗನಿಂದ ಮೂರು ವ್ರತ ಮಾಡಿಸಿದರು: ಮಾಂಸ, ಮದ್ಯ, ಪರಸ್ತ್ರೀ ಮುಟ್ಟುವಂತಿಲ್ಲ. ಆಮೇಲೆಯೇ ತಾಯಿ ಒಪ್ಪಿದ್ದು. ಹಾಗೆಂದು ಮೋಹನದಾಸರು ಮಾಂಸದ ರುಚಿ ಅರಿಯದವರೇನಲ್ಲ. ಹೈಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬನ ಮಾತು ಕೇಳಿ ಗುಟ್ಟಾಗಿ ತಿಂದು, ತಾಯಿಗೆ ಸುಳ್ಳು ಹೇಳಬೇಕಾಗುತ್ತದೆಂದು ಬಿಟ್ಟಿದ್ದರು.

ಹಡಗಿನಲ್ಲೇ ಕಷ್ಟ ಶುರುವಾಯಿತು. ಮುಳ್ಳು ಚಮಚ ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿದೆಯೆಂದು ಕೇಳಲು ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ಕುಳಿತು ತಿಂದರು. ಲಂಡನ್ನಿನಲ್ಲಿ ಮೊದಲು ಇಳಿದದ್ದು ವಿಕ್ಟೋರಿಯಾ ಹೋಟೆಲಿನಲ್ಲಿ. ಒಂದು ಪದಾರ್ಥ ಸೇರದಿದ್ದರೆ ಇನ್ನೊಂದು ತರಿಸುವುದು, ಎರಡಕ್ಕೂ ದುಡ್ಡು ಕೊಡುವುದು. ಬಿಲ್ಲು 3 ಪೌಂಡ್ ಆಯಿತು, ಹೊಟ್ಟೆ ಮಾತ್ರ ಖಾಲಿ. ಹೊಟ್ಟೆಗೆ ಆಧಾರವಾಗಿದ್ದದ್ದು ಮುಂಬಯಿಯಿಂದ ಕಟ್ಟಿಕೊಂಡು ಬಂದಿದ್ದ ತಿಂಡಿಯೇ. ಪ್ರಾಣಜೀವನ ಮೆಹತಾ ಎಂಬ ಜೈನ ವೈದ್ಯರು ಬಂದು, ಇಲ್ಲಿನ ರೀತಿ ರಿವಾಜು ಕಲಿಯಲು ಸಂಸಾರಸ್ಥರ ಮನೆಯಲ್ಲಿರುವುದೇ ಮೇಲೆಂದು ತಿಳಿಹೇಳಿದರು.

ಅದಕ್ಕೂ ಮೊದಲು ಕೆಲವು ದಿನ ರಿಚ್ಮಂಡ್‌ನಲ್ಲಿ ಸ್ನೇಹಿತರೊಬ್ಬರ ಜೊತೆ ಇರಬೇಕಾಯಿತು. ಬೆಳಿಗ್ಗೆ ಓಟ್ಸ್ ಗಂಜಿ. ಅದರಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಉಪ್ಪು ಖಾರವಿಲ್ಲದೆ ಬೇಯಿಸಿದ ಪಾಲಕ್ ಸೊಪ್ಪು, ಬ್ರೆಡ್ಡು, ಜಾಮ್. ಹಾಲಿಲ್ಲ. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ ಕೇಳಲು ನಾಚಿಕೆ. ಓದು ಬರಹ ಬಾರದ ತಾಯಿಗೆ ಕೊಟ್ಟ ಮಾತಿಗೆ ಬೆಲೆಯೇನು ಎಂದು ಸ್ನೇಹಿತರು ದಿನವೂ ವಾದಿಸಿದರು. ಅವರದೂ ಕೆಟ್ಟ ಮನಸ್ಸಲ್ಲ, ಹುಡುಗ ಸೊರಗುತ್ತಾನೆಂಬ ಕಳವಳ. ವಾದದಲ್ಲಿ ಮೋಹನದಾಸರು ಗೆಲ್ಲಲಿಲ್ಲ, ವ್ರತ ಬಿಡಲೂ ಇಲ್ಲ.

ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ವಿಧವೆಯೊಬ್ಬರ ಮನೆ. ಊರಿನಿಂದ ತರಿಸಿದ್ದ ಸಿಹಿ, ಮಸಾಲೆ ಇನ್ನೂ ತಲುಪಿರಲಿಲ್ಲ. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯ ಮಾಡಿ ಇನ್ನೊಂದೆರಡು ತುಂಡು ಬ್ರೆಡ್ ಬಡಿಸುತ್ತಿದ್ದರು. ಇಡೀ ಬ್ರೆಡ್ಡೇ ಬೇಕಾದ ಹಸಿವೆಂದು ಅವರಿಗೇನು ಗೊತ್ತು! ಲಂಡನ್ನಿನಲ್ಲಿ ಸಸ್ಯಾಹಾರದ ಹೋಟೆಲುಗಳಿವೆಯೆಂದು ಮನೆಯೊಡತಿ ಹೇಳಿದ್ದೇ ತಡ, ಹುಡುಕಾಟ ಆರಂಭವಾಯಿತು. ದಿನಕ್ಕೆ 10-12 ಮೈಲಿ ನಡೆದು, ಅಗ್ಗದ ಅಂಗಡಿಯಲ್ಲಿ ಬ್ರೆಡ್ ತಿಂದು, ತೃಪ್ತಿಯಿಲ್ಲದೆ ಹಿಂದಿರುಗುವುದು. ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಹೋಟೆಲು ಕಣ್ಣಿಗೆ ಬಿತ್ತು. ಬಾಗಿಲ ಬಳಿ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಎಂಬುವರು ಸಸ್ಯಾಹಾರದ ಪರವಾಗಿ ಬರೆದದ್ದೊಂದಿತ್ತು. ಒಂದು ಶಿಲ್ಲಿಂಗ್ ಕೊಟ್ಟು ಅದನ್ನು ಕೊಂಡು ಒಳಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಪುಸ್ತಕವನ್ನು ಪೂರ್ತಿ ಓದಿದರು. ಅಲ್ಲಿಯವರೆಗೆ ತಾಯಿಗಾಗಿ ಮಾಂಸ ಬಿಟ್ಟಿದ್ದವರು ಈಗ ಸ್ವಂತ ತಿಳಿವಳಿಕೆಯಿಂದ ಸಸ್ಯಾಹಾರಿಯಾದರು. ವಿಚಿತ್ರವೆಂದರೆ, ಕ್ರಮೇಣ ಊರಿನಿಂದ ಬಂದ ಮಸಾಲೆ, ಸಿಹಿಗಳನ್ನೂ ತಿನ್ನುವುದು ನಿಲ್ಲಿಸಿದರು. ರಿಚ್ಮಂಡ್‌ನಲ್ಲಿ ಸಪ್ಪೆಯೆನಿಸಿದ್ದ ಅದೇ ಬೇಯಿಸಿದ ಪಾಲಕ್ ಈಗ ರುಚಿಸತೊಡಗಿತು. ರುಚಿಯ ಸ್ಥಾನ ನಾಲಗೆಯಲ್ಲ, ಮನಸ್ಸು ಎಂದು ಅವರು ಕಂಡುಕೊಂಡರು. ನಮ್ಮಲ್ಲಿ ರಸಪರಿತ್ಯಾಗ ಮಾಡಿದವರಿಗೆ ಇದು ಹೊಸ ಮಾತಲ್ಲ. ಮುಂದೆ ಒಂದೇ ಕೋಣೆ ಬಾಡಿಗೆಗೆ ಹಿಡಿದು, ಒಲೆಯಿಟ್ಟುಕೊಂಡು ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋ ತಾವೇ ಮಾಡಿಕೊಂಡರು. ಊಟದ ಖರ್ಚು ದಿನಕ್ಕೆ 1 ಶಿಲ್ಲಿಂಗ್ 3 ಪೆನ್ನಿಗೆ ಇಳಿಯಿತು. ಕಾಸು ಕಾಸಿಗೂ ಲೆಕ್ಕ ಬರೆದು, ಮಲಗುವ ಮುನ್ನ ತಾಳೆ ನೋಡುತ್ತಿದ್ದರು.

ಮೊಟ್ಟೆಯ ವಿಷಯದಲ್ಲಿ ಒಮ್ಮೆ ಎಡವಿದ್ದುಂಟು. ಮೊಟ್ಟೆ ತಿಂದರೆ ಜೀವಹಿಂಸೆಯಿಲ್ಲವೆಂದು ಅಲ್ಲಿನವರು ಹೇಳಿದ ಮಾತಿಗೆ ಒಲಿದು ತಿಂದರು. ಕೂಡಲೇ ತಪ್ಪು ಹೊಳೆಯಿತು. ವ್ರತ ಕೊಡಿಸಿದ ತಾಯಿಯ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ, ಆದ್ದರಿಂದ ತಾಯಿಯ ಅರ್ಥವೇ ತಮಗೂ ಅರ್ಥವೆಂದು ಬಿಟ್ಟುಬಿಟ್ಟರು. ಇದರಿಂದ ಸಸ್ಯಾಹಾರದ ಹೋಟೆಲಿನಲ್ಲೂ ಕೇಕು, ಪುಡಿಂಗುಗಳಲ್ಲಿ ಮೊಟ್ಟೆಯಿದೆಯೇ ಎಂದು ವಿಚಾರಿಸಿ ತಿನ್ನಬೇಕಾಯಿತು. ಇಂದು ಪರದೇಶದಲ್ಲಿ ಕೇಕಿನ ಪೊಟ್ಟಣ ತಿರುಗಿಸಿ ಓದುವ ನಮ್ಮ ಮಕ್ಕಳು ಮಾಡುತ್ತಿರುವುದೂ ಇದನ್ನೇ.

ಊಟದ ಹುಡುಕಾಟ ಸ್ನೇಹಿತರನ್ನೂ ತಂದಿತು. ಬೇಸ್‌ವಾಟರ್‌ನಲ್ಲಿ ಸಸ್ಯಾಹಾರಿಗಳ ಕ್ಲಬ್ಬು ಕಟ್ಟಿ ಕಾರ್ಯದರ್ಶಿಯಾದರು. 1891ರಲ್ಲಿ ಲಂಡನ್ನಿನ ಸಸ್ಯಾಹಾರಿ ಪತ್ರಿಕೆಗೆ ಭಾರತೀಯರ ಊಟ, ಹಬ್ಬಗಳ ಬಗ್ಗೆ ಲೇಖನ ಬರೆದರು.

ಅದೇ ವರ್ಷ ಜೂನ್ 12ರಂದು ಲಂಡನ್ ಬಿಟ್ಟರು. ಕೊಟ್ಟ ಮಾತು ಉಳಿಸಿಕೊಂಡು ಬಂದೆನೆಂದು ತಾಯಿಗೆ ಹೇಳುವ ಆಸೆಯಿತ್ತು. ಪುತಲೀಬಾಯಿಯವರು ಮಗ ವಿದೇಶದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಷ್ಟು ದೂರದಲ್ಲಿ ಒಬ್ಬನೇ ಇರುವವನಿಗೆ ಆಘಾತವಾದೀತೆಂದು ಅಣ್ಣ ತಿಳಿಸಿರಲಿಲ್ಲ. ಆ ದುಃಖದ ದಿನಗಳಲ್ಲೇ ಮುಂಬಯಿಯಲ್ಲಿ ಡಾಕ್ಟರ್ ಮೆಹತಾರ ಮೂಲಕ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ಮುಂದೆ 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಜೈನರ ಪರವಾಗಿ ಹೋದ ವೀರಚಂದ ಗಾಂಧಿಯವರು ಆಹಾರದ ಪ್ರಯೋಗಗಳಲ್ಲಿ ಜೊತೆಗೂಡಿದ್ದೂ ಮುಂಬಯಿಯಲ್ಲೇ.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗ, ನವೆಂಬರ್ 20ರಂದು ಅಲ್ಲಿನ ಸಸ್ಯಾಹಾರಿ ಸಂಘದ ಸಭೆಯಲ್ಲಿ ಗಾಂಧೀಜಿ ಮಾತನಾಡಿದರು. ಆ ಹೊತ್ತಿಗೆ 80 ತುಂಬಿದ್ದ ಹೆನ್ರಿ ಸಾಲ್ಟ್ ಅವರು ಪಕ್ಕದಲ್ಲೇ ಕುಳಿತಿದ್ದರು.