ತಿರುಗಿಸಿ ಹಿಡಿದ ಗಿಟಾರ್

ಗಿಟಾರ್ ಕಲಿಯಲು ಹೊರಟ ಎಡಚರಿಗೆ ಮೊದಲ ದಿನವೇ ಒಂದು ಬಿಟ್ಟಿ ಸಲಹೆ ಸಿಗುತ್ತೆ. ಹೇಗಿದ್ದರೂ ಎರಡು ಕೈಗೂ ಕೆಲಸ ಇದೆ, ಎಲ್ಲರ ಹಾಗೆ ಬಲಗೈಯಲ್ಲೇ ಮೀಟೋದು ಕಲಿತುಬಿಡು ಅಂತ. ಇದೇ ಮಾತನ್ನು ಸ್ವಂತ ಅಪ್ಪನಿಂದ ಕೇಳಿಯೂ ಎಡಗೈಯಲ್ಲೇ ಮೀಟಿ ಹೆಸರಾದವನು ಜಿಮಿ ಹೆಂಡ್ರಿಕ್ಸ್. ಈ ಸಲ ಅವನ ಕಥೆ ನೋಡೋಣ.

ಜಿಮಿ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆಯಲ್ಲಿ ಬಡತನ, ಅಪ್ಪ ಅಮ್ಮನ ಜಗಳ, ಕೊನೆಗೆ ವಿಚ್ಛೇದನ. ಅವನಿಗೆ 15 ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಪೊರಕೆಯನ್ನೇ ಗಿಟಾರ್ ಮಾಡಿಕೊಂಡು ಆಡುತ್ತಿದ್ದ ಹುಡುಗನಿಗೆ ಸಿಕ್ಕ ಮೊದಲ ವಾದ್ಯ, ಕಸದಲ್ಲಿ ಬಿದ್ದಿದ್ದ ಒಂದೇ ತಂತಿಯ ಯುಕುಲೇಲಿ. ಆಮೇಲೆ 5 ಡಾಲರಿಗೆ ಒಂದು ಹಳೇ ಅಕೂಸ್ಟಿಕ್ ಗಿಟಾರ್. 1959ರಲ್ಲಿ ಅಪ್ಪ ಅಲ್ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ. ಅದು ಬಲಗೈಯವರಿಗಾಗಿ ಮಾಡಿದ್ದು. ಜಿಮಿ ಅದನ್ನು ತಿರುಗಿಸಿ ಹಿಡಿದು, ತಂತಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿಕೊಂಡ.

ಅಪ್ಪನಿಗೆ ಇದು ಸರಿಬರಲಿಲ್ಲ. ಎಡಗೈಯಲ್ಲಿ ನುಡಿಸೋದು ಸೈತಾನನ ಲಕ್ಷಣ ಅಂತ ಅವನು ನಂಬಿದ್ದ, ಆದ್ದರಿಂದ ಜಿಮಿ ಅಪ್ಪನ ಎದುರು ಬಲಗೈಯಲ್ಲೂ ಅವನು ಆಚೆ ಹೋದ ಕೂಡಲೇ ಎಡಗೈಯಲ್ಲೂ ನುಡಿಸುತ್ತಿದ್ದ ಅಂತ ತಮ್ಮ ಲಿಯಾನ್ ಹೇಳಿದ್ದಾರೆ. ಎಡಗೈಯಲ್ಲಿ ದುಡ್ಡು ಕೊಟ್ಟಿದ್ದಕ್ಕೆ, ಊಟಕ್ಕೆ ಎಡಗೈ ಹಾಕಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡವರಿಗೆ ಇದು ಹೊಸ ವಿಷಯವೇನಲ್ಲ ಬಿಡಿ. ಆದರೆ ಈ ಬಲವಂತದಿಂದ ಜಿಮಿಗೆ ಎರಡೂ ಕಡೆಯಿಂದ ನುಡಿಸೋದು ಬಂತು. ಬಂದಮೇಲೂ ಅವನು ಆರಿಸಿಕೊಂಡಿದ್ದು ಎಡಗೈಯನ್ನೇ.

1961ರಲ್ಲಿ ಸೇನೆ ಸೇರಿ ಪ್ಯಾರಾಚೂಟ್ ಪಡೆಯಲ್ಲಿದ್ದ, ಮರುವರ್ಷವೇ ಹೊರಬಂದ. ಲಿಟಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಥರದವರ ಹಿಂದೆ ನಿಂತು ನುಡಿಸಿದ. 1966ರಲ್ಲಿ ಚಾಸ್ ಚಾಂಡ್ಲರ್ ಅವನನ್ನು ಲಂಡನ್‌ಗೆ ಕರೆದೊಯ್ದ. ಅಲ್ಲಿಂದ ನಾಲ್ಕೇ ವರ್ಷ: 1967ರಲ್ಲಿ ಮೊದಲ ಆಲ್ಬಮ್, ಅದೇ ವರ್ಷ ಮಾಂಟೆರೆಯಲ್ಲಿ ಗಿಟಾರಿಗೆ ಬೆಂಕಿ, 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್‌ನ ವೇದಿಕೆಯಲ್ಲಿ ಅಮೆರಿಕದ ರಾಷ್ಟ್ರಗೀತೆ. 1970ರ ಸೆಪ್ಟೆಂಬರ್ 18ರಂದು ಲಂಡನ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 27.

ಈಗ ನಮ್ಮ ಬ್ರಾಂಚಿನ ವಿಷಯಕ್ಕೆ ಬರೋಣ. ಅವನ ಅಚ್ಚುಮೆಚ್ಚಿನ ಫೆಂಡರ್ ಸ್ಟ್ರಾಟೊಕಾಸ್ಟರ್ ತಿರುಗಿದಾಗ ಏನಾಯ್ತು? ಕೆಳಗಿರಬೇಕಾದ ವಾಲ್ಯೂಮ್ ನಾಬ್ ಮತ್ತು ಟ್ರೆಮೊಲೊ ಕಡ್ಡಿ ಮೇಲೆ ಬಂದವು. ಬ್ರಿಡ್ಜ್ ಪಕ್ಕದ ಪಿಕಪ್ ಈ ಗಿಟಾರಿನಲ್ಲಿ ಓರೆಯಾಗಿ ಕೂತಿರುತ್ತೆ. ಮಾಮೂಲಿಯಾಗಿ ಅದರ ಸಣ್ಣ ತಂತಿಗಳ ಕಡೆಯ ತುದಿ ಬ್ರಿಡ್ಜ್‌ಗೆ ಹತ್ತಿರ, ದಪ್ಪ ತಂತಿಗಳ ಕಡೆಯ ತುದಿ ದೂರ. ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ಮೇಲಿನ ಹಾರ್ಮಾನಿಕ್‌ಗಳ ಪಾಲು ಹೆಚ್ಚಿ ದನಿ ಚೂಪಾಗುತ್ತೆ. ಗಿಟಾರ್ ತಿರುಗಿಸಿದಾಗ ಈ ಲೆಕ್ಕವೂ ತಿರುಗುತ್ತೆ. ದಪ್ಪ ತಂತಿಗಳು ಹೆಚ್ಚು ಸ್ಪಷ್ಟ, ಸಣ್ಣ ತಂತಿಗಳು ಸ್ವಲ್ಪ ಮೆತ್ತಗೆ. ಪಿಕಪ್‌ನ ಅಯಸ್ಕಾಂತಗಳ ಎತ್ತರವೂ ತಂತಿಗೊಂದರಂತೆ ಬೇರೆ ಬೇರೆ ಇದ್ದುದರಿಂದ ತಂತಿಗಳ ನಡುವಿನ ಸದ್ದಿನ ಹೊಂದಾಣಿಕೆಯೂ ಬದಲಾಯ್ತು. ಅನಾನುಕೂಲ ಅನ್ನಿಸಿದ್ದೇ ಅವನ ದನಿಯ ಒಂದು ಭಾಗವಾಯ್ತು.

ಹಾಗಾದರೆ ಎಡಚರೆಲ್ಲ ಎಡಗೈಯಲ್ಲೇ ಕಲಿಯಬೇಕಾ? ಹಾಗೇನಿಲ್ಲ. ಮಾರ್ಕ್ ನಾಫ್ಲರ್ ಎಡಚ, ನುಡಿಸೋದು ಬಲಗಡೆ. ಆಲ್ಬರ್ಟ್ ಕಿಂಗ್ ತಂತಿಗಳನ್ನೂ ಬದಲಿಸದೆ ಗಿಟಾರನ್ನು ತಲೆಕೆಳಗಾಗಿಯೇ ನುಡಿಸಿದ. ಬಲಗೈ ಗಿಟಾರ್ ಸುಲಭವಾಗಿ ಸಿಗುತ್ತೆ, ಗೆಳೆಯರಿಂದ ಎರವಲು ತರಬಹುದು ಅನ್ನೋದೂ ನಿಜ. ಹಾಸ್ಟೆಲ್ ಬಜೆಟ್‌ನಲ್ಲಿ ಅದು ಸಣ್ಣ ಮಾತಲ್ಲ.

ಆದರೂ ದುಡ್ಡು ಕೊಡುವ ಮೊದಲು ಒಂದು ವಾರ ಎರಡೂ ಕಡೆ ಹಿಡಿದು ನೋಡಿ ಅಂತೀವಿ. ತಾಳ ಕೂರೋದು ಮೀಟುವ ಕೈಯಲ್ಲಿ. ಒಂದು ಹಾಡು ಹಾಕಿ ಸುಮ್ಮನೆ ಗಾಳಿಯಲ್ಲೇ ಮೀಟಿದಾಗ ಯಾವ ಕೈ ತಾನಾಗಿ ಲಯಕ್ಕೆ ಬೀಳುತ್ತೋ ಅದರ ಮಾತು ಕೇಳಿ. ಎರಡೂ ಒಂದೇ ಅನ್ನಿಸಿದರೆ ಬಲಗಡೆ ಕಲಿಯಿರಿ, ನಷ್ಟವಿಲ್ಲ. ಎಡಗೈಯೇ ಅನ್ನಿಸಿದರೆ ಅಂಗಡಿಯವರು ಏನೇ ಹೇಳಲಿ, ಗಿಟಾರನ್ನು ನಿಮ್ಮ ಕೈಗೆ ಒಗ್ಗಿಸಿಕೊಳ್ಳಿ. ಜಿಮಿ ಮಾಡಿದ್ದೂ ಅಷ್ಟೇ.